ತಲೆಕೆಳಗಾಗಿ ತೂಗಿದವನ ಮಗಳು

ನನ್ನಪ್ಪನ ಮುಖ ಫ್ಲಾರೆನ್ಸಿನಲ್ಲಿ ನಡುವಯಸ್ಸು ದಾಟಿದ ಎಲ್ಲರಿಗೂ ಗೊತ್ತು. ಆದರೆ ಗೊತ್ತಿರುವುದು ತಲೆಕೆಳಗಾಗಿ.

ಊರಿಗೆ ಮೋಸ ಮಾಡಿ ಓಡಿಹೋದವನು ಕೈಗೆ ಸಿಗದಿದ್ದರೆ ನಮ್ಮವರು ಅವನ ಚಿತ್ರವನ್ನಾದರೂ ನೇತುಹಾಕುತ್ತಾರೆ. ನ್ಯಾಯಾಧೀಶರ ಅರಮನೆಯ ಹೊರಗೋಡೆಯ ಮೇಲೆ, ಸಂತೆಗೆ ಹೋಗುವವರ ಕಣ್ಣಿಗೆಲ್ಲ ಬೀಳುವಂತೆ, ಒಂದು ಕಾಲಿಗೆ ಹಗ್ಗ ಬಿಗಿದು ತಲೆ ಕೆಳಗೆ ಮಾಡಿ ಬರೆಸುತ್ತಾರೆ. ಅಡಿಯಲ್ಲಿ ಹೆಸರು ಹಾಕಿಸುತ್ತಾರೆ. ಕಳ್ಳನೋ, ದ್ರೋಹಿಯೋ, ದಿವಾಳಿ ಎದ್ದವನೋ, ಎಲ್ಲರಿಗೂ ಅದೇ ಗೋಡೆ. ಆ ಗೋಡೆಯ ಮೇಲೆ ನನ್ನಪ್ಪ ಇದ್ದ. ‘ಪೂಚೊ, ಗಾರೆಯವನು, ಊರಿಗೆ ವಂಚಿಸಿದವನು.’ ಎಡಗಣ್ಣಿನ ಕೆಳಗೆ ಸುಣ್ಣ ಸುಟ್ಟ ಕಲೆಯನ್ನೂ ಬಿಡದೆ ಬರೆದಿದ್ದರು.

ಕೇರಿಯ ಮಕ್ಕಳು ನನ್ನನ್ನು ಕಂಡರೆ ಸಾಕು, ಕೈ ನೆಲಕ್ಕೂರಿ ಕಾಲು ಮೇಲೆ ಮಾಡಿ ನಿಲ್ಲುತ್ತಿದ್ದರು.

“ಮೆಯಾ, ನಿಮ್ಮಪ್ಪ ಬಂದ ನೋಡೇ! ಅಪ್ಪನ್ನ ಮಾತಾಡ್ಸೇ!”

ನಾನು ಕಲ್ಲು ತೂರುತ್ತಿದ್ದೆ. ಗುರಿ ತಪ್ಪುತ್ತಿರಲಿಲ್ಲ. ಅವರಲ್ಲೊಬ್ಬನಿಗೆ ಈಗಲೂ ಮುಂದಿನ ಹಲ್ಲಿಲ್ಲ, ಬೀದಿಯಲ್ಲಿ ಸಿಕ್ಕಾಗಲೆಲ್ಲ ನನಗೆ ಅದನ್ನು ನೋಡಿ ಖುಷಿಯಾಗುತ್ತದೆ.

ಅಪ್ಪ ಮಾಡಿದ್ದೇನೆಂದು ಹೇಳಿಬಿಡುತ್ತೇನೆ. ನೆರೆಯೂರು ಸಿಯೆನಾದವರು ತಮ್ಮ ಸಭಾಮನೆಯ ಗೋಡೆ ತುಂಬ ಚಿತ್ರ ಬರೆಸಿಕೊಂಡು ಮೆರೆಯುತ್ತಿದ್ದಾರೆಂದು ನಮ್ಮವರಿಗೆ ಹೊಟ್ಟೆಯುರಿ. ಈ ಊರಿನಲ್ಲಿ ಕಲೆ, ವಿದ್ಯೆ ಎಂದು ಏನೇನು ಬೆಳೆದಿದೆಯೋ ಅದಕ್ಕೆಲ್ಲ ಗೊಬ್ಬರ ಹಾಕಿದ್ದು ಹೊಟ್ಟೆಯುರಿಯೇ. ಪೀಸಾದವರಿಗೆ ಗೋಪುರವಿದ್ದರೆ ನಮಗೆ ಗುಮ್ಮಟ ಬೇಕು. ವೆನಿಸ್ಸಿನವರು ಒಬ್ಬ ಗ್ರೀಕ್ ಪಂಡಿತನನ್ನು ಕರೆಸಿದರೆ ನಮಗೆ ಇಬ್ಬರು ಬೇಕು, ಅವರ ಗಡ್ಡವೂ ಇನ್ನಷ್ಟು ಉದ್ದವಿರಬೇಕು. ಹೀಗಿರುವಾಗ ನಮ್ಮ ಊರಿನ ಹೊಸ ಸಭಾಮನೆಯೊಂದಕ್ಕೆ ಯುದ್ಧದ ದೊಡ್ಡ ಚಿತ್ರ ಬರೆಸುವುದೆಂದಾಯಿತು. ಮೇಲ್ವಿಚಾರಣೆ ಮೆಸ್ಸೆರ್ ರಿನಿಯೇರಿಯದು, ಮೆಸ್ಸೆರ್ ಅಂದರೆ ನಮ್ಮಲ್ಲಿ ಒಡೆಯ. ಉಣ್ಣೆ ವ್ಯಾಪಾರಿ, ಲ್ಯಾಟಿನ್ ಕಲಿತವನು, ಬಾಯಿ ಬಿಟ್ಟರೆ ಹಳೆಯ ರೋಮನ್ನರ ಮಾತು. ಗೋಡೆಗೆ ಗಾರೆ ಹಚ್ಚುವ ಕೆಲಸ ನನ್ನಪ್ಪನದು.

ಸುಟ್ಟ ಸುಣ್ಣವನ್ನು ನೀರಿನ ಹೊಂಡದಲ್ಲಿ ಹಾಕಿ ತಿಂಗಳುಗಟ್ಟಲೆ ಬಿಡಬೇಕು. ಅವಸರಪಟ್ಟು ಸರಿಯಾಗಿ ಅರಳದ ಸುಣ್ಣವನ್ನು ಹಚ್ಚಿದರೆ ಅದು ಗೋಡೆಯೊಳಗೆ ಕೂತು ಆಮೇಲೆ ಅರಳುತ್ತದೆ, ಗಾರೆ ಸಿಡಿಯುತ್ತದೆ. ಇದು ಗಾರೆಯವರ ಮನೆಯ ಬೆಕ್ಕಿಗೂ ಗೊತ್ತಿರುವ ವಿಷಯ. ಅಪ್ಪನಿಗೆ ಊಟದ ಬುತ್ತಿ ಕೊಡಲು ಹೋಗಿದ್ದ ನಾನು ಅವರಿಬ್ಬರ ಮಾತನ್ನು ಕಿವಿಯಾರೆ ಕೇಳಿದ್ದೇನೆ.

“ಒಡೆಯಾ, ಸುಣ್ಣ ಇನ್ನೂ ಹಸಿ, ಅರಳಿಲ್ಲ. ಇದನ್ನ ಹಚ್ಚಿದ್ರೆ ಗೋಡೆ ಉಗುಳ್ತದೆ,” ಎಂದ ಅಪ್ಪ.

“ಸಿಯೆನಾದ ರಾಯಭಾರಿಗಳು ಬರೋದ್ರೊಳಗೆ ಚಿತ್ರ ಮುಗೀಬೇಕು. ಹಚ್ಚು.”

“ಉಗುಳ್ತದೆ ಒಡೆಯಾ.”

“ಗಾರೆಯವನ ಹತ್ರ ನಾನು ಪಾಠ ಹೇಳಿಸ್ಕೋಬೇಕಾ? ಹಚ್ಚು ಅಂದ್ರೆ ಹಚ್ಚು.”

ಹಚ್ಚಿದ. ಚಿತ್ರವೂ ಆಯಿತು. ರಾಯಭಾರಿಗಳು ಊಟಕ್ಕೆ ಕೂತ ದಿನ ನಮ್ಮ ಸೇನಾಪತಿಯ ಕುದುರೆಯ ತಲೆ ಗೋಡೆಯಿಂದ ಕಳಚಿ ಸಿಯೆನಾದವರ ಸಾರಿನ ಬಟ್ಟಲಿಗೆ ಬಿತ್ತು. ಸಿಯೆನಾದಲ್ಲಿ ಆ ಕಥೆ ಹೇಳಿಕೊಂಡು ಇವತ್ತಿಗೂ ನಗುತ್ತಾರಂತೆ. ಊರಿನ ಮಾನ ಹೋಯಿತು. ಯಾರದಾದರೂ ತಲೆ ಬೇಕಾಯಿತು. ಪೂಚೊ ಒಳ್ಳೆಯ ಸುಣ್ಣವನ್ನು ಮಾರಿಕೊಂಡು ಗೋಡೆಗೆ ಕಸ ಹಚ್ಚಿದ ಎಂದು ರಿನಿಯೇರಿ ಸಭೆಯೆದುರು ಹೇಳಿದ. ಲ್ಯಾಟಿನ್ ಬಲ್ಲವನ ಮಾತಿನ ಮುಂದೆ ಗಾರೆಯವನ ಮಾತು ನಿಲ್ಲುತ್ತದೆಯೇ? ಅಪ್ಪ ಅವತ್ತೇ ಲುಕ್ಕಾ ಊರಿಗೆ ಓಡಿದ. ಓಡಿದ್ದೇ ತಪ್ಪಿಗೆ ಸಾಕ್ಷಿಯಾಯಿತು. ಓಡದಿದ್ದರೆ ಹಗ್ಗ ನಿಜದ್ದಾಗಿರುತ್ತಿತ್ತು. ಅಲ್ಲಿ ಯಾರದೋ ದನದ ಕೊಟ್ಟಿಗೆಗೆ ಗಾರೆ ಹಚ್ಚುತ್ತ ಜ್ವರ ಬಂದು ಸತ್ತ.

ಅವನನ್ನು ನೇತುಹಾಕಿದ ಚಿತ್ರಕ್ಕೆ ಮಾತ್ರ ಚೆನ್ನಾಗಿ ಅರಳಿದ ಸುಣ್ಣವನ್ನೇ ಬಳಸಿದ್ದರು. ಹಸಿ, ಅಂದರೆ ಇನ್ನೂ ಒದ್ದೆಯಿರುವ, ಗಾರೆಯ ಮೇಲೆ ಬಣ್ಣ ಹಾಕಿದ್ದರು, ಗೋಡೆಯೇ ಬಣ್ಣ ಕುಡಿದುಬಿಟ್ಟಿತ್ತು. ಎಷ್ಟು ಮಳೆ ಹೊಯ್ದರೂ ಅಪ್ಪನ ಕಣ್ಣಿನ ರೆಪ್ಪೆ ಕೂಡ ಅಳಿಸಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುತ್ತಾರಲ್ಲ, ನನ್ನಪ್ಪನಿಗೆ ಎರಡೂ ಕಣ್ಣಿಗೆ ಸುಣ್ಣವೇ.

ಆ ಗೋಡೆಯ ಕೆಳಗೆ ಮೊನ್ನಾ ತಾದ್ದೆಯಾ, ಅಂದರೆ ತಾದ್ದೆಯಮ್ಮ, ಕೂತು ಚೆಸ್ಟ್‌ನಟ್ ಬೀಜ ಸುಟ್ಟು ಮಾರುತ್ತಿದ್ದಳು. ಬಾಯಿ ಹೊಲಸು, ಕೈ ದೊಡ್ಡದು. ನಾನು ಅಲ್ಲಿ ನಿಂತಿದ್ದರೆ ಬಿಸಿ ಬಿಸಿ ಒಂದು ಹಿಡಿ ನನ್ನ ಸೆರಗಿಗೆ ಸುರಿಯುತ್ತಿದ್ದಳು.

“ತಿನ್ನೇ. ನಿಮ್ಮಪ್ಪನಷ್ಟು ಒಳ್ಳೇ ಸಂಗಾತಿ ನಂಗೆ ಇನ್ನೊಬ್ಬ ಸಿಕ್ಕಿಲ್ಲ. ದಿನಾ ತಲೆ ಮೇಲೇ ಇರ್ತಾನೆ, ಒಂದು ಎದುರು ಮಾತಿಲ್ಲ. ನನ್ನ ಗಂಡನೂ ಹೀಗೇ ಇದ್ದಿದ್ರೆ!”

ಆಮೇಲೊಮ್ಮೆ ಪರವೂರಿನ ಯಾವನೋ ದೊರೆ ಬರುತ್ತಾನೆಂದು ಆ ಗೋಡೆಗೆಲ್ಲ ಸುಣ್ಣ ಬಳಿದರು. ಅಪ್ಪನನ್ನು ಕ್ಷಮಿಸಿ ಬಳಿದದ್ದಲ್ಲ, ನೆಂಟರು ಬರುವ ಮುಂಚೆ ಮನೆ ಸಾರಿಸಿದ ಹಾಗೆ ಬಳಿದದ್ದು. ಅಷ್ಟರಲ್ಲಿ ನಾನು ಚಿತ್ರಕಾರ ಕಿಮೆಂತಿಯನ್ನು ಮದುವೆಯಾಗಿ ಅವನ ಅಂಗಡಿಯಲ್ಲಿ ಬಣ್ಣ ಅರೆಯುತ್ತಿದ್ದೆ. ನನ್ನೊಳಗೆ ಬೂದಿ ಮುಚ್ಚಿದ ಕೆಂಡ. ಯಾರಿಗೂ ಕಾಣಿಸಲಿಲ್ಲ, ಆರಲೂ ಇಲ್ಲ.

ಕಿಮೆಂತಿ ಹಸುವಿನಂಥ ಗಂಡಸು. ಜಗಳವಾದರೆ ಕುಂಚ ತೊಳೆಯಲು ಬಾವಿಕಟ್ಟೆಗೆ ಹೋಗಿಬಿಡುತ್ತಾನೆ. ಒಂದು ದಿನ ಕುಣಿಯುತ್ತ ಮನೆಗೆ ಬಂದ.

“ಮೆಯಾ, ನಮ್ಮ ಕೇರಿ ಚರ್ಚೊಳಗೆ ಒಂದು ಪುಟ್ಟ ಪ್ರಾರ್ಥನೆ ಗುಡಿ, ಚಾಪೆಲ್, ಕಟ್ಟಿಸ್ತಿದಾರೆ. ಗೋಡೆ ತುಂಬ ಬಾಲಯೇಸುವಿನ ಚಿತ್ರ. ನಮಗೇ ಕೊಟ್ರು ಕಣೇ!”

“ಯಾರು ಕಟ್ಟಿಸ್ತಿರೋದು?”

ಅವನ ಕುಣಿತ ನಿಂತಿತು. “ಮೆಸ್ಸೆರ್ ರಿನಿಯೇರಿ. ಅಲ್ಲೇ ಕೆಳಗೆ ಅವರ ಗೋರಿನೂ ಬರುತ್ತಂತೆ.”

ನಾನು ಕೈಯಲ್ಲಿದ್ದ ಅರೆಯುವ ಕಲ್ಲನ್ನು ಕೆಳಗಿಟ್ಟೆ. ಅವನ ಮೇಲೆ ಎಸೆಯಬಾರದೆಂದೇ ಇಟ್ಟೆ. ಚಿತ್ರಕಾರನ ಹೆಂಡತಿ ಪೂಚೊನ ಮಗಳೆಂದು ರಿನಿಯೇರಿಗೆ ಗೊತ್ತಿರಲಿಲ್ಲ. ಅಂಥವರು ತಾವು ತುಳಿದವರ ಮಕ್ಕಳು ಎಲ್ಲಿ ಹೋದರೆಂದು ವಿಚಾರಿಸುವುದಿಲ್ಲ. ಒಲೆಯಲ್ಲಿ ಸೌದೆ ಬೇಕು, ಕೆಲಸ ಒಪ್ಪಿಕೊಂಡೆವು. ಬಡವನ ಕೋಪ ದವಡೆಗೆ ಮೂಲ ಎಂದು ನನಗೆ ನಾನೇ ಹೇಳಿಕೊಂಡೆ.

ಕಿಮೆಂತಿ ಹೆಚ್ಚು ಮಾತಿನವನಲ್ಲ, ಆದರೆ ಅವನಿಗೆ ನನ್ನ ಹೊಟ್ಟೆಯೊಳಗಿನದು ಅರ್ಥವಾಗುತ್ತದೆ. ಒಂದು ಸಂಜೆ ಇದ್ದಿಲು ಹಿಡಿದು ನನ್ನ ಮುಂದೆ ಕೂತ.

“ನಿಮ್ಮಪ್ಪ ಹೇಗಿದ್ದ? ನೆಟ್ಟಗೆ ನಿಂತಾಗ. ನೀ ಹೇಳ್ತಾ ಹೋಗು, ನಾ ಗೀಚ್ತೀನಿ.”

ಹೇಳಿದೆ. ಗಲ್ಲದ ನಡುವಿನ ಕುಳಿ, ಎಡಗಣ್ಣಿನ ಕೆಳಗಿನ ಸುಟ್ಟ ಕಲೆ, ನಗುವ ಮುಂಚೆ ಒಂದು ಹುಬ್ಬು ಏರುವುದು. ಚಾಪೆಲಿನ ಗೋಡೆಯಲ್ಲಿ ದೇವಮಾತೆಯ ತೊಡೆಯ ಮೇಲಿನ ಮಗುವಿಗೆ ಎಲ್ಲರಿಗಿಂತ ಹತ್ತಿರ, ಅದರ ಪಾದಕ್ಕೆ ಕೈ ಚಾಚಿ ಮಂಡಿಯೂರಿದ ಮುದಿ ಕುರಿಗಾಹಿಗೆ ಅವನು ಆ ಮುಖ ಕೊಟ್ಟ. ಹಸಿ ಗಾರೆಯ ಮೇಲೆ ಬರೆಯುವಾಗ ಒಂದು ದಿನದಲ್ಲಿ ಮುಗಿಯುವಷ್ಟೇ ಜಾಗಕ್ಕೆ ಗಾರೆ ಹಚ್ಚುತ್ತಾರೆ. ಕುರಿಗಾಹಿಯ ಮುಖ, ಅವನ ಕೈ, ಮಗುವಿನ ಪಾದ ಮೂರೂ ಒಂದೇ ದಿನದ ಗಾರೆಯಲ್ಲಿ ಮುಗಿದವು. ಕಿಮೆಂತಿ ಪರದೆ ಸರಿಸಿ ತೋರಿಸಿದಾಗ ನಾನು ಅಪ್ಪನನ್ನು ಎಷ್ಟೋ ವರ್ಷಗಳ ಮೇಲೆ ನೆಟ್ಟಗೆ ನೋಡಿದೆ. ಅಲ್ಲೇ ಕೂತು ಅತ್ತೆ. ಆ ಹೊತ್ತಿನಲ್ಲಿ ನನಗೆ ಸೇಡು ಬೇಕಿರಲಿಲ್ಲ, ದೇವರಾಣೆ. ಅಪ್ಪ ಅಲ್ಲಿ ಸುಮ್ಮನೆ ಕೂತಿದ್ದರೆ ಸಾಕಿತ್ತು.

ಮಾರನೆಯ ವಾರ ರಿನಿಯೇರಿ ನೋಡಲು ಬಂದ. ಅವನನ್ನು ಗೋಡೆಯ ಅಂಚಿನಲ್ಲಿ, ದಾನ ಕೊಟ್ಟವರನ್ನು ಬರೆಯುವ ಜಾಗದಲ್ಲಿ ಬರೆಯುವುದೆಂದು ಮಾತಾಗಿತ್ತು. ಏಣಿ ಹತ್ತಿ ಕುರಿಗಾಹಿಯ ಮೂಗಿಗೆ ತನ್ನ ಮೂಗು ತಾಗುವಷ್ಟು ಹತ್ತಿರ ಹೋದ. ನಾನು ಕೆಳಗೆ ಬಣ್ಣದ ಬಟ್ಟಲು ಹಿಡಿದು ನಿಂತಿದ್ದೆ.

“ಇದ್ಯಾರಯ್ಯಾ ಚಿತ್ರಕಾರ, ದೇವರ ಕಾಲು ಹಿಡ್ಕೊಂಡು ಕೂತಿದಾನೆ?”

“ಕುರಿಗಾಹಿ ಸ್ವಾಮಿ. ಮೊದಲು ಬಂದೋರು ಅವರೇ ಅಲ್ವಾ...”

“ಬಂದ್ರು, ಸರಿ. ಚಾಪೆಲ್ ಕಟ್ಟಿಸಿದ್ದು ಅವರಾ?” ಬೆರಳಿನ ಉಗುರಿನಿಂದ ಅಪ್ಪನ ಕೆನ್ನೆ ಕೆರೆದ. “ಕಣ್ಣಿನ ಕೆಳಗೆ ಇದೇನು, ಕುಷ್ಠವಾ? ಥೂ. ಇಂಥವನ ಬೆನ್ನು ನೋಡ್ಕೊಂಡು ನಾನು ಮೂಲೇಲಿ ಕೂರಬೇಕಾ? ಇಲ್ಲಿ ನನ್ನ ಮುಖ ಬರಿ. ಈ ಕುರಿ ಚರ್ಮ ತೆಗೆದು ಕೆಂಪು ನಿಲುವಂಗಿ ಹಾಕು.”

ಅವನಿಗೆ ಗುರುತು ಸಿಗಲಿಲ್ಲ. ಒಬ್ಬನ ಬದುಕು ತಿಂದು, ಅವನ ಮುಖವನ್ನು ಮೂಗಿಗೆ ಮೂಗು ಇಟ್ಟು ನೋಡಿ, ಇದ್ಯಾರಯ್ಯಾ ಎಂದ. ನನ್ನೊಳಗಿನ ಬೂದಿ ಹಾರಿ ಕೆಂಡ ಬೆಳಗಿದ್ದು ಆಗ.

“ಗಾರೆ ಒಣಗಿದೆ ಸ್ವಾಮಿ,” ಎಂದ ಕಿಮೆಂತಿ. “ಇದನ್ನ ಕೆತ್ತಿ, ಹೊಸ ಗಾರೆ ಹಾಕಿ, ಹಸಿ ಇರೋವಾಗ ಬರೆದ್ರೆ ಕಲ್ಲಿನ ಥರ ನಿಲ್ಲುತ್ತೆ. ಒಣಗಿದ್ರ ಮೇಲೆ ಮೊಟ್ಟೇಲಿ ಬಣ್ಣ ಕಲಸಿ ಬರೆದ್ರೆ ಬರೀ ಅಂಟ್ಕೊಂಡಿರುತ್ತೆ. ನೀರು ಸೋಕಬಾರದು.”

“ಕೆತ್ಕೊಂಡು ಕೂರೋದಕ್ಕೆಲ್ಲ ಹೊತ್ತಿಲ್ಲ. ಕ್ರಿಸ್‌ಮಸ್ಸಿಗೆ ಸಿಯೆನಾದವರನ್ನ ಕರೆದಿದೀನಿ. ಇದ್ರ ಮೇಲೇ ಬರಿ. ಹಾಂ, ವಯಸ್ಸು ಸ್ವಲ್ಪ ಕಮ್ಮಿ ಮಾಡು.”

ಮನೆಗೆ ಬಂದ ಮೇಲೆ ಕಿಮೆಂತಿ ರೊಟ್ಟಿ ಮುಟ್ಟಲಿಲ್ಲ.

“ಬಿಟ್ಟುಬಿಡೋಣ ಮೆಯಾ. ನನ್ನ ಕೈಲಾಗಲ್ಲ. ನಿಮ್ಮಪ್ಪನ ಮುಖದ ಮೇಲೆ ಅವನ ಮುಖ...”

“ಬಿಡೋದಾ? ಬರೀರಿ. ಚೆನ್ನಾಗಿ ಬರೀರಿ. ನೋಡಿದ ಅವನ ಹೆಂಡ್ತಿ ಇವರ್ಯಾರು ಅಂತ ಕೇಳಬೇಕು, ಅಷ್ಟು ಚೆಂದ ಬರೀರಿ.”

“ನಿಂಗೇನಾಗಿದೆ ಮಾರಾಯ್ತಿ?”

“ಕೆತ್ತಿ ಹಾಕು ಅನ್ನಲಿಲ್ಲವಲ್ಲಾರೀ ಅವನು! ಅವನ ಅವಸರ ನಮ್ಮಪ್ಪನ್ನ ಉಳಿಸ್ತು. ಕೆಳಗೆ ನಮ್ಮಪ್ಪ ಇದಾನೆ, ಗೋಡೆಯೊಳಗೆ ಇದಾನೆ. ಇವನು ಮೇಲೆ ಅಂಟ್ಕೊಂಡಿರ್ತಾನೆ. ಎಷ್ಟು ದಿನ ಅಂಟ್ಕೊಂಡಿರ್ತಾನೋ ನೋಡೇಬಿಡೋಣ.”

ಕಿಮೆಂತಿ ನನ್ನನ್ನೇ ನೋಡಿದ. “ನಮ್ಮ ತಲೆ ಹೋಗುತ್ತೆ.”

“ಹಾವೂ ಸಾಯಬೇಕು, ಕೋಲೂ ಮುರೀಬಾರದು. ನೀವು ಬರೀರಿ, ಕೋಲು ನಂಗೆ ಬಿಡಿ.”

ಒಣಗಿದ ಗೋಡೆಯ ಮೇಲೆ ಬರೆಯುವ ಮುಂಚೆ ಮೊಟ್ಟೆಗೆ ಅಂಜೂರದ ಎಳೆ ಕೊಂಬೆಯ ಹಾಲು ಕಲಸಿ ಗೋಡೆಗೆ ಸವರಬೇಕು. ಆಗ ಬಣ್ಣ ಕಚ್ಚುತ್ತದೆ. ಅದು ನನ್ನ ಕೆಲಸ. ನಿಲುವಂಗಿಯ ಜಾಗಕ್ಕೆ ಚೆನ್ನಾಗಿ ಸವರಿದೆ. ಮುಖದ ಜಾಗಕ್ಕೆ ಬರೀ ನೀರು ಸವರಿದೆ. ಕಿಮೆಂತಿ ಏಣಿಯ ಮೇಲಿಂದ ಕೇಳಿದ.

“ಮೆಯಾ, ಅಂಜೂರದ ಹಾಲು ಹಾಕಿದ್ಯಾ?”

“ಹಾಕಿದೀನಿ.”

ಅವನು ಗೋಡೆ ಮೂಸಿದ. ಅಂಜೂರದ ಹಾಲಿನ ವಾಸನೆ ಅವನಿಗೆ ಗೊತ್ತಿಲ್ಲದ್ದಲ್ಲ. ಆದರೂ ಕುಂಚ ಎತ್ತಿಕೊಂಡ. ನಾನು ಆ ಗಂಡಸನ್ನು ಮದುವೆಯಾದದ್ದು ಸಾರ್ಥಕ ಅನಿಸಿತು.

ಕ್ರಿಸ್‌ಮಸ್ಸಿನಲ್ಲಿ ಚಾಪೆಲ್ ತೆರೆದರು. ಊರೆಲ್ಲ ಹೊಗಳಿತು. ಇಪ್ಪತ್ತು ವರ್ಷ ಚಿಕ್ಕವನಾದ ರಿನಿಯೇರಿ ಕೆಂಪು ನಿಲುವಂಗಿ ಹೊದ್ದು ದೇವರ ಪಾದ ಹಿಡಿದಿದ್ದ. ಗ್ರೀಕ್ ಪಂಡಿತನೊಬ್ಬ ಅದನ್ನು ಕುರಿತು ಭಾಷಣ ಮಾಡಿದ. ಸಿಯೆನಾದವರ ಮುಖ ಹುಳ್ಳಗಾಯಿತು, ಅಷ್ಟಕ್ಕೆ ಊರಿಗೆ ಹಬ್ಬ. ನಾನು ಹಿಂದೆ ನಿಂತು ಆ ಚೆಂದದ ಮುಖವನ್ನು ನೋಡಿದೆ. ಇರು ಮಗನೇ, ಎಂದುಕೊಂಡೆ.

ಅವತ್ತಿನಿಂದ ನಾನು ದೊಡ್ಡ ಭಕ್ತೆಯಾದೆ. ಪ್ರತಿ ಶನಿವಾರ ರಿನಿಯೇರಿಯ ಮುಖದ ನೇರ ಕೆಳಗೆ ದೀಪ ಹಚ್ಚುತ್ತಿದ್ದೆ. ಒಳ್ಳೆಯ ಜೇನುಮೇಣದ ಬತ್ತಿ ಹೊಗೆ ಕಾರುವುದಿಲ್ಲ. ನಾನು ಹಚ್ಚುತ್ತಿದ್ದದ್ದು ಕಸಾಯಿಯವನ ಅಂಗಡಿಯ ಕೊಬ್ಬಿನ ಬತ್ತಿ, ದಪ್ಪನೆಯದು, ಅಡುಗೆಮನೆಯ ಚಿಮಣಿಯಂತೆ ಕರಿ ಹೊಗೆ ಬಿಡುವಂಥದು. ಪಾದ್ರಿ ನನ್ನ ತಲೆ ಮುಟ್ಟಿ ಹರಸುತ್ತಿದ್ದರು. ಬೀದಿಯ ಬಿಸಿಲು ಮಳೆ ಸಾಕಾಗಿ ಚೆಸ್ಟ್‌ನಟ್ ಬುಟ್ಟಿ ಬಿಟ್ಟು ಚರ್ಚು ಗುಡಿಸುವ ಕೆಲಸಕ್ಕೆ ಸೇರಿಕೊಂಡಿದ್ದ ಮೊನ್ನಾ ತಾದ್ದೆಯಾಳಿಗೆ ಮಾತ್ರ ಸಮಾಧಾನವಿರಲಿಲ್ಲ.

“ಏನೇ ಮೆಯಾ, ಆ ಮುದುಕನ ಮೇಲೆ ನಿಂಗ್ಯಾಕೇ ಇಷ್ಟು ಭಕ್ತಿ?”

“ಅವರ ಮುಖ ಬೆಳಗಲಿ ಅಂತ, ತಾದ್ದೆಯಮ್ಮ.”

“ಬೆಳಗ್ತಿದೆ, ಬೆಳಗ್ತಿದೆ. ಬಾಣಲೆ ತಳ ಬೆಳಗಿದ ಹಾಗೆ.”

ಕೆಲವು ವರ್ಷ ಕಳೆದವು. ಮುಖ ಕಪ್ಪಾಯಿತು, ಪಕ್ಕದ ಎತ್ತು, ದೇವಮಾತೆಯ ಸೆರಗು ಎಲ್ಲ ಮಸಿ ಹಿಡಿದವು. ಆತುರಪಡಲಿಲ್ಲ. ಅಪ್ಪ ಗೋಡೆಯ ಮೇಲೆ ಕಾದದ್ದಕ್ಕಿಂತ ಹೆಚ್ಚೇನೂ ನಾನು ಕಾಯುತ್ತಿರಲಿಲ್ಲ. ರಿನಿಯೇರಿಗೆ ಈಗ ಊರುಗೋಲು ಬಂದಿತ್ತು, ಸಿಡುಕು ಹೆಚ್ಚಿತ್ತು. ಆ ಸಲದ ಕ್ರಿಸ್‌ಮಸ್ಸಿಗೆ ಸಿಯೆನಾದ ಹೊಸ ರಾಯಭಾರಿ ನಮ್ಮ ಚರ್ಚಿಗೆ ಬರುವುದೆಂದಾಯಿತು. ಹಬ್ಬಕ್ಕೆ ಎರಡು ದಿನವಿರುವಾಗ ರಿನಿಯೇರಿ ನಮ್ಮಿಬ್ಬರನ್ನೂ ಚಾಪೆಲಿಗೆ ಕರೆಸಿದ. ಪಾದ್ರಿಯೂ ತಾದ್ದೆಯಾಳೂ ಅಲ್ಲಿದ್ದರು.

“ನನ್ನ ಮುಖ ನೋಡ್ರಯ್ಯಾ, ಇದ್ದಿಲು ಮಾರುವವನ ಥರ ಆಗಿದೆ. ತೊಳೆಸಬೇಕು.”

“ನೀರು ಬೇಡ ಒಡೆಯಾ,” ಎಂದೆ ನಾನು. “ಒಣ ರೊಟ್ಟಿಯ ತಿರುಳಿಂದ ಮೆಲ್ಲಗೆ ಒರೆಸಬೇಕು. ನಮಗೆ ಒಂದು ತಿಂಗಳು ಕೊಡಿ, ನಾವೇ ಮಾಡ್ತೀವಿ.”

ಹೇಳಿದ್ದು ಪೂರ್ತಿ ನಿಜ. ಒಂದು ಅಕ್ಷರ ಸುಳ್ಳಿರಲಿಲ್ಲ. ಗಾರೆಯವರ, ಚಿತ್ರಕಾರರ ಬಾಯಿಂದ ಬಂದ ‘ಬೇಡ’ವನ್ನು ಅವನು ಜನ್ಮದಲ್ಲಿ ಕೇಳಿದವನಲ್ಲ ಎಂದು ನನಗೆ ಗೊತ್ತಿತ್ತು.

ರಿನಿಯೇರಿ ಪಾದ್ರಿಯ ಕಡೆ ತಿರುಗಿ ನಕ್ಕ. “ನೋಡಿದ್ರಾ? ಒಂದು ತಿಂಗಳಂತೆ. ಕೆಲಸ ಹುಟ್ಟಿಸಿಕೊಳ್ಳೋದೇ ಇವರ ಕಸುಬು. ಹಸಿ ಗಾರೆ ಮೇಲಿನ ಚಿತ್ರ ತೊಳೆದ್ರೆ ಹೋಗಲ್ಲ ಅಂತ ಎಲ್ಲ ಚಿಕ್ಕ ಮಕ್ಕಳಿಗೂ ಗೊತ್ತು. ತಾದ್ದೆಯಾ, ನೀರಿಗೆ ಸ್ವಲ್ಪ ವೈನು ಬೆರೆಸು, ಸ್ಪಾಂಜು ತಗೊಂಡು ನಾಳೆ ಬೆಳಗ್ಗೆ ತೊಳಿ.”

“ಉಳಿದಿದ್ದು ತೊಳೀಲಿ ಸ್ವಾಮಿ,” ಎಂದ ಕಿಮೆಂತಿ. “ನಿಮ್ಮ ಮುಖ ಮಾತ್ರ ಬೇಡ. ಅದು ಒಣಗಿದ್ರ ಮೇಲೆ ಬರೆದಿದ್ದು. ಅವತ್ತೇ ಹೇಳಿದ್ದೆ.”

“ಒಡೆಯಾ, ಕಾಲಿಗೆ ಬೀಳ್ತೀನಿ, ಬೇಡಿ,” ಎಂದು ನಾನು ನಿಜಕ್ಕೂ ಅವನ ಕಾಲಿಗೆ ಬಿದ್ದೆ. ನೆಲಕ್ಕೆ ಮುಖ ಮಾಡಿದ್ದರಿಂದ ನನ್ನ ನಗು ಯಾರಿಗೂ ಕಾಣಿಸಲಿಲ್ಲ.

“ಏಳೇ. ಗಾರೆ ಕಲಸೋರ ಹತ್ರ ನಾನು ಪಾಠ ಹೇಳಿಸ್ಕೋಬೇಕಾ? ತೊಳಿ ಅಂದ್ರೆ ತೊಳಿ.”

ಅದೇ ಮಾತು, ಅದೇ ದನಿ. ಅಪ್ಪನ ಬುತ್ತಿ ಹಿಡಿದು ನಿಂತ ಹುಡುಗಿಯ ಕಿವಿಗೆ ಬಿದ್ದದ್ದು ಹೆಂಗಸಾದ ಮೇಲೂ ಬಿತ್ತು. ಮಾಡಿದ್ದುಣ್ಣೋ ಮಹರಾಯ, ಎಂದು ಮನಸ್ಸಿನಲ್ಲೇ ಹರಸಿ ಎದ್ದೆ.

ಬೆಳಗಿನ ಪೂಜೆ ಮುಗಿದರೂ ಜನ ಚರ್ಚಿನಿಂದ ಕದಲಿರಲಿಲ್ಲ. ಹಬ್ಬಕ್ಕೆ ಹಸಿರು ತೋರಣ ಕಟ್ಟುವವರು, ಉಣ್ಣೆ ಬಾಚುವವರು, ಚರ್ಮ ಹದ ಮಾಡುವವರು, ಎಲ್ಲ ಇದ್ದರು. ಸಿಯೆನಾದ ರಾಯಭಾರಿ ಒಂದು ದಿನ ಮುಂಚೆಯೇ ಬಂದುಬಿಟ್ಟಿದ್ದ, ರಿನಿಯೇರಿ ಅವನನ್ನು ಚಾಪೆಲಿನ ಮುಂದೆ ನಿಲ್ಲಿಸಿಕೊಂಡು ಹಳೆಯ ರೋಮನ್ನರ ಬಗ್ಗೆ ಕೊರೆಯುತ್ತಿದ್ದ. ತಾದ್ದೆಯಾ ಏಣಿಯ ಮೇಲಿದ್ದಳು. ಸ್ಪಾಂಜು ಆಡಿಸಿದಂತೆಲ್ಲ ಎತ್ತಿನ ಕಣ್ಣು ಮಿಂಚಿತು, ದೇವಮಾತೆಯ ಸೆರಗು ಬೆಳಗಿತು, ಮಗುವಿನ ಪಾದ ಗುಲಾಬಿಯಾಯಿತು. ಹಸಿ ಗಾರೆ ಕುಡಿದ ಬಣ್ಣ, ಎಲ್ಲಿಗೆ ಹೋದೀತು?

“ನೋಡಿದ್ರಾ?” ಎಂದ ರಿನಿಯೇರಿ ರಾಯಭಾರಿಗೆ. “ನಮ್ಮ ಫ್ಲಾರೆನ್ಸಿನ ಗೋಡೆಗಳು ಹೀಗೆ. ಎಷ್ಟು ತೊಳೆದ್ರೂ ಹೊಳೀತಾವೆ. ತಾದ್ದೆಯಾ, ಈಗ ನನ್ನ ಮುಖ.”

ತಾದ್ದೆಯಾ ನನ್ನ ಕಡೆ ನೋಡಿದಳು. ನಾನು ಜಪಸರ ಎಣಿಸುತ್ತಿದ್ದೆ. ಸ್ಪಾಂಜನ್ನು ಅದ್ದಿ ಹಿಂಡಿ ಅವನ ಕೆನ್ನೆಗೆ ಒತ್ತಿದಳು. ಕೆನ್ನೆ ಸ್ಪಾಂಜಿಗೆ ಬಂತು. ಅವಳು ಗಾಬರಿಯಾಗಿ ಇನ್ನೊಮ್ಮೆ ಒರೆಸಿದಳು. ಮೂಗು ಹೋಯಿತು. ರಿನಿಯೇರಿ ಕಿರುಚಿ ನಿಲ್ಲಿಸು ಎನ್ನುವಷ್ಟರಲ್ಲಿ ಯೌವನದ ಆ ಮುಖವೆಲ್ಲ ಕಂದು ನೀರಾಗಿ ಗೋಡೆಯ ಮೇಲೆ ಇಳಿದಿತ್ತು. ನಿಲುವಂಗಿ ಮಾತ್ರ ಹಾಗೇ ಕೆಂಪಗಿತ್ತು. ಅದರ ಮೇಲೆ ನನ್ನಪ್ಪನ ಮುಖ, ನಿನ್ನೆ ಬರೆದಷ್ಟು ಸ್ಪಷ್ಟವಾಗಿ, ಒಂದು ಹುಬ್ಬು ಏರಿಸಿಕೊಂಡು ಊರನ್ನು ನೋಡುತ್ತಿತ್ತು.

ರಾಯಭಾರಿ ಬಾಯಿಗೆ ಕರವಸ್ತ್ರ ಒತ್ತಿಕೊಂಡ. ಅವನು ನಗು ತಡೆಯುತ್ತಿದ್ದಾನೆಂದು ಎಲ್ಲರಿಗೂ ತಿಳಿಯಿತು.

“ಇದು ಆ ಕುಷ್ಠದ ಕುರಿಗಾಹಿ,” ಎಂದ ರಿನಿಯೇರಿ. ಊರುಗೋಲಿನಿಂದ ನೆಲ ಕುಟ್ಟಿದ. “ಉಳಿ ತನ್ನಿ. ಕೆತ್ತಿ ಹಾಕಿ ಅವನನ್ನ!”

ಇಷ್ಟು ವರ್ಷ ಹೊಗೆ ಹಾಕಿದ್ದು ಇದಕ್ಕಾಗಿಯೇ? ಅಪ್ಪ ಹೊರಗೆ ಬಂದ, ಆದರೆ ಯಾರಿಗೂ ಅವನ ಗುರುತಿಲ್ಲ. ಅವನನ್ನು ಬಲ್ಲ ಊರು ಅವನನ್ನು ನೆಟ್ಟಗೆ ಕಂಡಿರಲೇ ಇಲ್ಲ. ಯಾವನೋ ಕುರಿಗಾಹಿ ಎಂದು ಇನ್ನೊಂದು ಗಳಿಗೆಯಲ್ಲಿ ಕೆತ್ತಿಬಿಡುತ್ತಾರೆ. ಜಪಸರ ಬಿಸುಟು ಏಣಿಯ ಕಡೆ ನುಗ್ಗಿದೆ.

ಅಷ್ಟರಲ್ಲಿ ಗಾಬರಿಗೆ ತಾದ್ದೆಯಾಳ ಕೈಯಿಂದ ಸ್ಪಾಂಜು ಜಾರಿತು. ಅದು ಏಣಿಯ ಮೆಟ್ಟಿಲಿಗೆ ಸಿಕ್ಕಿಕೊಂಡಿತು. ಅದನ್ನು ಹಿಡಿಯಲು ಅವಳು ಒಂದು ಕೈಯಲ್ಲಿ ಏಣಿ ಹಿಡಿದು ಸೊಂಟ ಮುರಿದು ಬಗ್ಗಿದಳು. ತಲೆ ಕೆಳಗಾಯಿತು. ಆ ಸ್ಥಿತಿಯಲ್ಲಿ ಅವಳ ಕಣ್ಣು ಗೋಡೆಯ ಮೇಲೆ ಬಿತ್ತು.

“ಅಯ್ಯೋ ನಮ್ಮವ್ವಾ! ಪೂಚೊ!”

ಬಗ್ಗಿದವಳು ಹಾಗೇ ಇದ್ದು ಕಿರುಚಿದಳು. “ಪೂಚೊ ಕಣ್ರೋ ಇದು! ಗಾರೆ ಪೂಚೊ! ನಾನು ಇವನ ಕೆಳಗೆ ಕೂತು ಎಷ್ಟು ವರ್ಷ ಚೆಸ್ಟ್‌ನಟ್ ಸುಟ್ಟಿದೀನಿ, ನಂಗೊತ್ತಿಲ್ವಾ? ತಲೆ ಬಗ್ಗಿಸಿ ನೋಡ್ರೋ ಮುಂಡೇವಾ, ಬಗ್ಗಿಸಿ ನೋಡಿ!”

ಮೊದಲು ಒಬ್ಬ ಚರ್ಮದವನು ಕುತ್ತಿಗೆ ಓರೆ ಮಾಡಿ ಬಗ್ಗಿದ. “ಹೌದಲ್ಲೋ!” ಆಮೇಲೆ ಅವನ ಹೆಂಡತಿ. ಆಮೇಲೆ ಒಬ್ಬೊಬ್ಬರಾಗಿ ಇಡೀ ಚರ್ಚು ಸೊಂಟ ಬಗ್ಗಿಸಿ, ಕಾಲ ಸಂದಿಯಿಂದ, ತೋಳಿನ ಕೆಳಗಿಂದ ನನ್ನಪ್ಪನನ್ನು ನೋಡತೊಡಗಿತು. ಹಲ್ಲು ಕಳೆದುಕೊಂಡ ಆ ಹಳೆಯ ಪುಂಡನೂ ನೋಡಿದ. ಪಾದ್ರಿ ಕೂಡ ಜಪಮಾಲೆ ಹಿಡಿದುಕೊಂಡೇ ಬಗ್ಗಿದರು.

“ಯಾರು ಈ ಪೂಚೊ?” ಎಂದು ಸಿಯೆನಾದ ರಾಯಭಾರಿ ಕೇಳಿದ.

“ನಿಮ್ಮ ಕಡೆಯವರ ಸಾರಿಗೆ ಕುದುರೆ ತಲೆ ಹಾಕಿದವನು ಸ್ವಾಮಿ,” ಎಂದ ಯಾರೋ.

“ಓಹೋ!” ಎಂದು ರಾಯಭಾರಿಯೂ ಬಗ್ಗಿದ.

ನೆಟ್ಟಗೆ ನಿಂತವನು ರಿನಿಯೇರಿ ಒಬ್ಬನೇ. ಎಲ್ಲರಿಗೂ ಕಾಣುತ್ತಿರುವುದು ತನಗೆ ಕಾಣುತ್ತಿಲ್ಲ ಎಂಬುದು ಅವನಿಗೆ ತಡೆಯಲಾಗಲಿಲ್ಲ. ಎರಡೂ ಕೈಯಲ್ಲಿ ಊರುಗೋಲು ಹಿಡಿದ. ನಿಧಾನವಾಗಿ, ಬೆನ್ನಿನ ಮೂಳೆ ಲಟಕ್ಕೆನ್ನುತ್ತಿರುವಾಗ, ಬಗ್ಗಿದ. ಟೋಪಿ ಬಿದ್ದು ಉರುಳಿತು. ಊರೆಲ್ಲ ನೋಡುತ್ತಿರುವಾಗ ಮೆಸ್ಸೆರ್ ರಿನಿಯೇರಿ ನನ್ನಪ್ಪನ ಮುಂದೆ ತಲೆ ಬಗ್ಗಿಸಿದ. ಬಗ್ಗಿಸಿ, ನೋಡಿ, ಗುರುತು ಹಿಡಿದ. ಅವನ ಬೋಳು ತಲೆ ಕೆಂಪಗಾದದ್ದನ್ನು ನಾನು ಕಣ್ತುಂಬ ನೋಡಿದೆ.

“ಹಸಿ ಸುಣ್ಣ ಹಚ್ಚು ಅಂತ ನಾನು ಹೇಳಿರಲಿಲ್ಲ!” ಎಂದು ಅವನು ಅರಚಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದೂ ಯಾರೂ ಅಂದಿರಲಿಲ್ಲ. ಪೂಚೊ ಒಳ್ಳೆಯ ಸುಣ್ಣ ಮಾರಿಕೊಂಡ ಎಂಬ ಕಥೆಯನ್ನಷ್ಟೇ ಊರು ಕೇಳಿತ್ತು. ಹಸಿ ಸುಣ್ಣದ ಸುದ್ದಿಯನ್ನು ಅಲ್ಲಿ ಎತ್ತಿದವರು ಯಾರೂ ಇಲ್ಲ. ಈಗ ನಾನು ಬಾಯಿ ಬಿಟ್ಟೆ.

“ಯಾರೂ ಕೇಳಲಿಲ್ಲವಲ್ಲ ಒಡೆಯಾ. ಆ ಮಾತು ಗೊತ್ತಿದ್ದಿದ್ದು ನಿಮಗೆ, ನಮ್ಮಪ್ಪನಿಗೆ, ಅವತ್ತು ಬುತ್ತಿ ತಂದಿದ್ದ ಅವನ ಮಗಳಿಗೆ. ನಾನೇ ಆ ಮಗಳು.”

ಅವನು ಬಗ್ಗಿದಲ್ಲಿಂದಲೇ ನನ್ನನ್ನು ನೋಡಿದ. ಅವನಿಗೆ ನಾನೂ ತಲೆಕೆಳಗಾಗಿ ಕಂಡಿರಬೇಕು. ಮೇಲೇಳಲು ಹೋದ, ಆಗಲಿಲ್ಲ. ಯಾರೂ ಕೈ ಕೊಡಲಿಲ್ಲ. ಕೊನೆಗೆ ಕಿಮೆಂತಿಯೇ ಹೋಗಿ ಎತ್ತಿ ನಿಲ್ಲಿಸಿದ, ಹೇಳಿದೆನಲ್ಲ, ಹಸುವಿನಂಥವನು ಅಂತ.

“ಕೆತ್ತು,” ಎಂದ ರಿನಿಯೇರಿ, ಈ ಸಲ ಪಿಸುದನಿಯಲ್ಲಿ.

“ಕೆತ್ತಬಹುದು ಸ್ವಾಮಿ,” ಎಂದ ನನ್ನ ಗಂಡ. “ಆದ್ರೆ ಇದೆಲ್ಲ ಒಂದೇ ದಿನದ ಗಾರೆ. ಪೂಚೊನ ಮುಖ ಕೆತ್ತಿದ್ರೆ ಅದರ ಜೊತೆ ಮಗುವಿನ ಪಾದಾನೂ ಬರುತ್ತೆ. ಉಳಿ ಯಾರ ಕೈಗೆ ಕೊಡಲಿ?”

ಕ್ರಿಸ್‌ಮಸ್ಸಿನ ಹಿಂದಿನ ದಿನ ದೇವರ ಮಗುವಿನ ಕಾಲು ಕಡಿಯಲು ಆ ಚರ್ಚಿನಲ್ಲಿ ಒಬ್ಬನೂ ಕೈ ಚಾಚಲಿಲ್ಲ. ಪಾದ್ರಿ ಅಡ್ಡ ಬಂದು ನಿಂತರು. ಹಬ್ಬ ಮುಗಿದ ಮೇಲೆ ರಿನಿಯೇರಿ ಬೇರೊಬ್ಬ ಚಿತ್ರಕಾರನನ್ನು ಕರೆಸಿ ಮತ್ತೆ ಮೇಲೆ ಬರೆಸಲು ನೋಡಿದ. “ಬರೆಸ್ಲಿ, ಬರೆಸ್ಲಿ. ನನ್ನ ಸ್ಪಾಂಜು ಎಲ್ಲಿಗೂ ಹೋಗಿಲ್ಲ,” ಎಂದು ತಾದ್ದೆಯಾ ಚರ್ಚಿನ ಮೆಟ್ಟಿಲ ಮೇಲೆ ಕೂತು ಬಂದವರಿಗೆಲ್ಲ ಹೇಳಿದಳು. ಆ ಚಿತ್ರಕಾರ ಬಂದ ದಾರಿ ಹಿಡಿದ.

ರಿನಿಯೇರಿ ಮತ್ತೆ ಚರ್ಚಿಗೆ ಬರಲಿಲ್ಲ. ಬಂದದ್ದು ಹೆಣವಾಗಿ, ಎರಡು ವರ್ಷದ ಮೇಲೆ. ಗೋರಿ ಕಟ್ಟಿಸಿಟ್ಟುಕೊಂಡಿದ್ದನಲ್ಲ, ಬೇರೆಲ್ಲಿಗೆ ಒಯ್ಯುತ್ತಾರೆ? ಊರಿನವರು ಈಗ ಅದನ್ನು ಪೂಚೊನ ಚಾಪೆಲ್ ಅನ್ನುತ್ತಾರೆ. ಮಕ್ಕಳು ಒಳಗೆ ಬಂದು ಬಗ್ಗಿ ನೋಡಿ ಕಿಸಿಕಿಸಿ ನಗುತ್ತವೆ. ನಾನು ಕಲ್ಲು ತೂರುವುದಿಲ್ಲ.

ಶನಿವಾರದ ದೀಪ ಬಿಟ್ಟಿಲ್ಲ. ಈಗ ಹಚ್ಚುವುದು ಜೇನುಮೇಣದ್ದು, ಒಂದು ಎಳೆ ಹೊಗೆಯಿಲ್ಲ. ಅಪ್ಪ ಜೀವಮಾನದಲ್ಲಿ ಉಡದ ಕೆಂಪು ನಿಲುವಂಗಿ ಹೊದ್ದು ದೇವರ ಪಾದ ಹಿಡಿದು ಕೂತಿದ್ದಾನೆ. ಅವನ ಮಂಡಿಯ ಕೆಳಗೆ ನೆಲದಲ್ಲಿ ರಿನಿಯೇರಿಯ ಚಪ್ಪಡಿ. ಅಮೃತಶಿಲೆಯಲ್ಲಿ ಅವನ ಮುಖ, ಮೈ, ಅಡಿಯಲ್ಲಿ ಲ್ಯಾಟಿನ್ನಿನಲ್ಲಿ ಹೆಸರು. ಬಾಗಿಲಿನಿಂದ ಬಂದವರಿಗೆ ನೆಟ್ಟಗೆ ಕಾಣಲೆಂದು ತಲೆ ಗೋಡೆಯ ಕಡೆಗೆ, ಕಾಲು ಬಾಗಿಲ ಕಡೆಗೆ ಕೆತ್ತಿಸಿದ್ದಾರೆ. ಬಂದವರಿಗೆ ಸರಿಯಾಗಿಯೇ ಕಾಣುತ್ತಾನೆ. ಅಪ್ಪ ಕೂತ ಕಡೆಯಿಂದ ನೋಡಿದರೆ ಮಾತ್ರ ಅವನು ತಲೆಕೆಳಗು.